ಟ್ಯಾಗ್ ಹಾಕಿದರೆ ಸಾಲದು, ಅದು ವಾಪಸು ಬರಬೇಕು

ಮಾನ್ಯ ಸಂಪಾದಕರೇ,

ತುಂಗಭದ್ರಾ ಜಲಾಶಯಕ್ಕೆ ಲಕ್ಷಗಟ್ಟಲೆ ಮೀನುಮರಿ ಬಿಟ್ಟ ಸುದ್ದಿ ಫೋಟೊ ಸಮೇತ ಪತ್ರಿಕೆಗಳಲ್ಲಿ ಬರುತ್ತದೆ. ಅವುಗಳಲ್ಲಿ ಎಷ್ಟು ಬದುಕಿದವು, ವರ್ಷಕ್ಕೆ ಎಷ್ಟು ಬೆಳೆದವು ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಇದನ್ನು ತಿಳಿಯಲು ಸಮುದ್ರದಲ್ಲಿ ಗಾಳ ಹಾಕುವ ಹವ್ಯಾಸಿಗಳು ದಶಕಗಳಿಂದ ಅನುಸರಿಸುತ್ತಿರುವ ದಾರಿಯೊಂದಿದೆ. ಹಿಡಿದ ಮೀನಿಗೆ ದನಗಳ ಕಿವಿಯೋಲೆಯಂತೆ ನಂಬರ್ ಇರುವ ಟ್ಯಾಗ್ ಹಾಕಿ ಬಿಡುತ್ತಾರೆ, ಮತ್ತೆ ಸಿಕ್ಕಾಗ ತಾಳೆ ನೋಡುತ್ತಾರೆ. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಫ್ರಾಂಕ್ ಮೇಥರ್ 1954ರಲ್ಲಿ ಗಾಳಗಾರರ ಕೈಗೇ ಟ್ಯಾಗ್ ಕೊಟ್ಟು ಇದನ್ನು ಶುರು ಮಾಡಿದರು. ಬಹಾಮಾಸ್ ಬಳಿ ಟ್ಯಾಗ್ ಹಾಕಿದ್ದ ಬ್ಲೂಫಿನ್ ಟ್ಯೂನಾ ಅಟ್ಲಾಂಟಿಕ್ ದಾಟಿ ನಾರ್ವೆಯಲ್ಲಿ ಸಿಕ್ಕಿತು. ನಮ್ಮ ಪಶ್ಚಿಮ ಕರಾವಳಿಯಲ್ಲೂ 1960ರ ದಶಕದಲ್ಲಿ ಬಂಗುಡೆ, ಬೂತಾಯಿಗೆ ಟ್ಯಾಗ್ ಹಾಕಿ ನೋಡಿದ್ದಾರೆ. ಇದನ್ನೇ ನಮ್ಮ ಹಿನ್ನೀರಿನ ಕಟ್ಲಾ, ರೋಹುಗಳಿಗೆ ಹೊಂದಿಸಬಹುದು.

ಕೆಲಸ ಸಣ್ಣದು, ಕೆಡುವುದು ಅವಸರದಿಂದ. ಮೊದಲು ಟ್ಯಾಗ್ ನಂಬರ್ ಬರೆದುಕೊಂಡು, ಟ್ಯಾಗ್ ಚುಚ್ಚುವ ಸೂಜಿಯನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟು, ಆಮೇಲೆ ಮೀನನ್ನು ನೀರಿನಿಂದ ಎತ್ತಬೇಕು. ಕೈ, ಅಳತೆ ಹಲಗೆ ಎರಡೂ ಒದ್ದೆಯಿರಲಿ. ಒಣಗೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತು ಅಲ್ಲಿ ಬೂಷ್ಟು ಹತ್ತುತ್ತದೆ. ಕಿವಿರಿಗೆ ಬೆರಳು ಹಾಕಲೇಬಾರದು. ಗಾಳ ಗಂಟಲಲ್ಲಿ ಆಳಕ್ಕೆ ಸಿಕ್ಕಿದ್ದರೆ ದಾರ ಕತ್ತರಿಸಿ ಹಾಗೇ ಬಿಡುವುದು ಮೇಲು. ಉದ್ದ ಅಳೆಯುವಾಗ ಮೂತಿಯ ತುದಿಯಿಂದ ಬಾಲದ ಕವಲಿನವರೆಗೆ, ಚಪ್ಪಟೆ ಹಲಗೆಯ ಮೇಲೆ ಅಳೆಯಬೇಕು. ಒಬ್ಬರು ಕವಲಿನವರೆಗೆ, ಇನ್ನೊಬ್ಬರು ಬಾಲದ ತುದಿಯವರೆಗೆ ಅಳೆದರೆ ಬೆಳೆಯದ ಮೀನೂ ಕಾಗದದ ಮೇಲೆ ಬೆಳೆದುಬಿಡುತ್ತದೆ. ಟೇಪನ್ನು ಹೊಟ್ಟೆಯ ಉಬ್ಬಿನ ಮೇಲೆ ಹಾಯಿಸಿದರೂ ಇದೇ ಗತಿ.

ಟ್ಯಾಗ್ ಚುಚ್ಚುವ ಜಾಗ ಬೆನ್ನಿನ ಈಜುರೆಕ್ಕೆಯ ಬುಡದ ಸ್ವಲ್ಪ ಕೆಳಗೆ. ಕಟ್ಲಾಕ್ಕೆ ದೊಡ್ಡ ಹುರುಪೆಗಳಿರುವುದರಿಂದ ಒಂದು ಹುರುಪೆ ತೆಗೆದು, ಟೊಳ್ಳು ಸೂಜಿಯನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಸುಮಾರು 45 ಡಿಗ್ರಿ ಓರೆಯಾಗಿ ತೂರಿಸಬೇಕು. ಈಜುರೆಕ್ಕೆಗೆ ಆಧಾರವಾದ ಸಣ್ಣ ಎಲುಬುಗಳ ನಡುವೆ ಹಾದು ಟ್ಯಾಗಿನ ಮುಳ್ಳು ಅವುಗಳ ಹಿಂದೆ ಸಿಕ್ಕಿಕೊಳ್ಳಬೇಕು. ಸೂಜಿ ತೆಗೆದ ಮೇಲೆ ಟ್ಯಾಗನ್ನು ಮೆಲ್ಲಗೆ ಜಗ್ಗಿ ನೋಡಿ. ಬರೀ ಮಾಂಸದಲ್ಲಿ ನಿಂತಿದ್ದರೆ ಪಾಚಿ ಕಟ್ಟಿ ಭಾರವಾದಾಗ ಕಳಚಿ ಬೀಳುತ್ತದೆ. ತೀರಾ ಕೆಳಗೆ ಚುಚ್ಚಿದರೆ ಮೀನು ಉಳಿಯುವುದಿಲ್ಲ. ಇಷ್ಟೆಲ್ಲ ಒಂದು ನಿಮಿಷದೊಳಗೆ ಮುಗಿಯಬೇಕು. ಬಿಡುವಾಗ ಹಿಂದೆ ಮುಂದೆ ಜಗ್ಗಾಡಬೇಡಿ, ನೀರಲ್ಲಿ ನೆಟ್ಟಗೆ ಹಿಡಿದುಕೊಂಡರೆ ತಾನೇ ಬಾಲ ಬೀಸಿ ಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಲ್ಲಿ ಈ ಕೆಲಸವೇ ಬೇಡ. ಕಾದ ನೀರಲ್ಲಿ ಆಮ್ಲಜನಕ ಕಡಿಮೆ, ಮೀನು ಚೇತರಿಸಿಕೊಳ್ಳುವುದಿಲ್ಲ.

ಬೆರಳುದ್ದದ ಮರಿಗಳಿಗೆ ಈ ಟ್ಯಾಗ್ ಆಗದು. ಅವಕ್ಕೆ ಗುರುತಿಗಾಗಿ ಹೊಟ್ಟೆಯ ಒಂದು ಈಜುರೆಕ್ಕೆಯನ್ನು ಬುಡದವರೆಗೂ ಕತ್ತರಿಸುವ ಕ್ರಮವಿದೆ. ತುದಿಯನ್ನಷ್ಟೇ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಇನ್ನು ಲೆಕ್ಕ. ಉದಾಹರಣೆಗೆ 500 ಮೀನಿಗೆ ಟ್ಯಾಗ್ ಹಾಕಿ ಬಿಟ್ಟಿದ್ದೇವೆ, ಆಮೇಲೆ ಹಿಡಿದ 400ರಲ್ಲಿ 10ಕ್ಕೆ ಟ್ಯಾಗ್ ಇದೆ ಎಂದುಕೊಳ್ಳೋಣ. 500ನ್ನು 400ರಿಂದ ಗುಣಿಸಿ 10ರಿಂದ ಭಾಗಿಸಿದರೆ ಜಲಾಶಯದಲ್ಲಿ ಆ ಗಾತ್ರದ ಮೀನು ಸುಮಾರು 20,000. ಮೀನುಗಾರರು ಆ ಹತ್ತರಲ್ಲಿ ಐದು ಟ್ಯಾಗ್ ಕಿತ್ತೆಸೆದು ಐದನ್ನಷ್ಟೇ ತಂದುಕೊಟ್ಟರೆ ಅದೇ ಲೆಕ್ಕ 40,000 ಆಗುತ್ತದೆ. ಇಲ್ಲದ ಮೀನನ್ನು ನಂಬಿ ಹೆಚ್ಚು ಬಲೆಗಳಿಗೆ ಪರವಾನಗಿ ಕೊಟ್ಟರೆ ನಷ್ಟ ಮೀನುಗಾರರದೇ. ಟ್ಯಾಗ್ ಕಳಚಿದರೂ ಲೆಕ್ಕ ಹೀಗೇ ಉಬ್ಬುತ್ತದೆ. ಅದಕ್ಕೇ ಪ್ರತಿ ಹತ್ತು ಮೀನಿನಲ್ಲಿ ಒಂದಕ್ಕೆ ಎರಡು ಟ್ಯಾಗ್ ಹಾಕಬೇಕು. ಎರಡರಲ್ಲಿ ಒಂದೇ ಉಳಿದ ಮೀನು ಎಷ್ಟು ಸಿಕ್ಕವು ಎಂಬುದರಿಂದ ಕಳಚುವ ಪ್ರಮಾಣ ತಿಳಿಯುತ್ತದೆ.

ಸಮುದ್ರದ ಗಾಳಗಾರರಿಗಿಲ್ಲದ ಎರಡು ತೊಡಕು ಇಲ್ಲಿವೆ. ಒಂದು, ನಮ್ಮಲ್ಲಿ ಹೆಚ್ಚಿನ ಮೀನು ಸಿಗುವುದು ಕಿವಿರು ಸಿಕ್ಕುವ ಬಲೆಯಲ್ಲಿ. ಹೊರಗೆ ಜೋಲುವ ಟ್ಯಾಗ್ ಬಲೆಯ ಕಣ್ಣಿಗೆ ಸಿಕ್ಕಿಕೊಂಡು ಟ್ಯಾಗ್ ಇರುವ ಮೀನೇ ಹೆಚ್ಚು ಬಲೆಗೆ ಬೀಳುತ್ತದೆ, ಆಗ ಲೆಕ್ಕ ಕುಗ್ಗುತ್ತದೆ. ಆದ್ದರಿಂದ ನಂಬರ್ ಓದಲು ಬೇಕಾದಷ್ಟೇ ಉದ್ದದ ಟ್ಯಾಗ್ ಆರಿಸಬೇಕು. ಟ್ಯಾಗ್ ಹಾಕುವ ಮೀನನ್ನೂ ಆ ಬಲೆಯಲ್ಲಿ ಹಿಡಿಯದೆ ಗಾಳದಲ್ಲೋ ಎಳೆಬಲೆಯಲ್ಲೋ ಹಿಡಿಯಬೇಕು. ಇನ್ನೊಂದು, ಜಲಾಶಯದ 33 ಕ್ರಸ್ಟ್‌ಗೇಟ್‌ಗಳು ತೆರೆದಾಗ ಮೀನು ನದಿಗೆ ಇಳಿದುಹೋಗುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಂಥ ವರ್ಷದಲ್ಲಂತೂ ಮೇಲಿನ ಗುಣಾಕಾರಕ್ಕೆ ಅರ್ಥವಿಲ್ಲ. ಗೇಟ್ ಮುಚ್ಚಿದ ಮೇಲೆ ಡಿಸೆಂಬರ್‌ನಲ್ಲಿ ಟ್ಯಾಗ್ ಹಾಕಿ, ಮೀನು ಬೆರೆಯಲು ಕೆಲವು ವಾರ ಬಿಟ್ಟು, ಬೇಸಿಗೆಯೊಳಗೆ ಎಣಿಕೆ ಮುಗಿಸುವುದು ಸರಿ.

ಮೀನುಗಾರಿಕೆ ಇಲಾಖೆ ಇದಕ್ಕೆ ಕೈ ಹಾಕಿದರೆ ಹಣದ ದೊಡ್ಡ ಪಾಲನ್ನು ಟ್ಯಾಗ್ ವಾಪಸು ತರಿಸಲು ಇಡಲಿ ಎಂಬುದು ನಮ್ಮ ಒತ್ತಾಯ. ಟ್ಯಾಗ್ ಮೇಲೆ ನಂಬರಿನ ಜೊತೆ ಫೋನ್ ನಂಬರ್ ಇರಲಿ. ಮೀನು ತೂಗುವ ದಡದಲ್ಲೇ ಅವತ್ತೇ ಬಹುಮಾನ ನಗದಾಗಿ ಸಿಗಲಿ. ಕಚೇರಿಗೆ ಅಲೆಯಬೇಕಾದರೆ ಹರಿಗೋಲಿನವರು ಟ್ಯಾಗನ್ನು ನೀರಿಗೆಸೆದು ಸುಮ್ಮನಾಗುತ್ತಾರೆ, ಅದು ಅವರ ತಪ್ಪಲ್ಲ. ಕೆಲವು ಟ್ಯಾಗ್‌ಗಳಿಗೆ ಹೆಚ್ಚಿನ ಬಹುಮಾನ ಇಟ್ಟರೆ, ಅವು ಬಂದ ಪ್ರಮಾಣಕ್ಕೂ ಉಳಿದವು ಬಂದ ಪ್ರಮಾಣಕ್ಕೂ ಇರುವ ಅಂತರದಿಂದ ಎಷ್ಟು ಜನ ತಂದುಕೊಡುತ್ತಿಲ್ಲ ಎಂಬ ಅಂದಾಜೂ ಸಿಗುತ್ತದೆ. ತಂದುಕೊಟ್ಟವರಿಗೆ ಆ ಮೀನು ಎಲ್ಲಿ, ಯಾವಾಗ, ಎಷ್ಟು ಉದ್ದವಿದ್ದಾಗ ಬಿಟ್ಟದ್ದು ಎಂದು ಒಂದು ಚೀಟಿ ಕೊಡಬೇಕು. ಚೀಟಿ, ಫಲಕ ಎಲ್ಲವೂ ಕನ್ನಡ, ತೆಲುಗು ಎರಡರಲ್ಲೂ ಇರಲಿ.

– ಹವ್ಯಾಸಿ ಗಾಳಗಾರರು, ಮುನಿರಾಬಾದ್, ಕೊಪ್ಪಳ ಜಿಲ್ಲೆ