ನೀರಾ ಕಾಯೋದಿಲ್ಲ ಕಣೋ ಮಂಜು

ತಿಪಟೂರು

ಚಿ. ಮಂಜುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕೆನಡಾದವರು ಮೇಪಲ್ ಮರದ ರಸ ಕುದಿಸಿ ಪಾಕ ಮಾಡುವ ಹಾಗೆ ನಮ್ಮ ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ, ಅದೇ ನೀರಾದಲ್ಲೂ ಮಾಡೋಣ ಅಂದೆಯಲ್ಲ, ಮಾಡು. ಅವರಿಗೆ ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ನಮ್ಮ ನೀರಾ ಅದಕ್ಕಿಂತ ಎಷ್ಟೋ ಸಿಹಿ, ಆರೇಳು ಲೀಟರ್ ಸಾಕು. ಆದರೆ ಅವರ ರಸ ಇಳಿಯುವುದು ಹಿಮ ಕರಗುವ ಕಾಲದ ಚಳಿಯಲ್ಲಿ. ನಮ್ಮದು ಈ ಬಿಸಿಲಲ್ಲಿ.

ನಾವು ಕೊಬ್ಬರಿಯವರು. ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಸುಮ್ನೆ ಬಿದ್ದಿದ್ದು ಕೊಬ್ಬರಿಯಾಗುತ್ತೆ. ನೀರಾ ಒಂದು ಹೊತ್ತೂ ಕಾಯೋದಿಲ್ಲ. ಮೊದಲ ಸಲ ಅನುಮತಿ ಇರೋ ತೋಟದಿಂದ ಐದು ಲೀಟರ್ ತರಿಸಿ, ಅಡುಗೆಮನೆ ಮೂಲೆಯಲ್ಲಿಟ್ಟು ಮದುವೆಗೆ ಹೋಗಿದ್ದೆ. ಸಂಜೆ ಬಂದು ಮುಚ್ಚಳ ತೆಗೆದರೆ ಬಿಳಿ ನೊರೆ, ಹುಳಿ ವಾಸನೆ, ಒಳಗೆ ಚುರುಚುರು ಸದ್ದು. ಹೆಂಡ ಆಗಿಹೋಗಿತ್ತು! ನಿನ್ನ ದೊಡ್ಡಪ್ಪ ಮೊದಲು ಬಾಗಿಲು ಹಾಕಿಕೊಂಡು ಬಂದು ಆಮೇಲೆ ನಕ್ಕರು.

ಅದಕ್ಕೇ ನೀನು ಈಗಲೇ ನೀರಾ ಇಳಿಸೋಕೆ ಅಂತ ಹೊಂಬಾಳೆ ಕಟ್ಟಿಸೋಕೆ ಹೋಗಬೇಡ. ತೋಟ ನಮ್ಮದೇ ಆದರೂ ಅಬಕಾರಿ ಇಲಾಖೆಯ ಅನುಮತಿ ಇಲ್ಲದೆ ನೀರಾ ಇಳಿಸುವ ಹಾಗಿಲ್ಲ. ಇಳಿಸಿದ ಹೊಂಬಾಳೆಯಲ್ಲಿ ಕಾಯಿ ಕೂಡ ಸಿಗೋದಿಲ್ಲ, ಅಲ್ವಾ? ಮೊದಲು ಹತ್ತು ಲೀಟರ್ ಕೊಂಡು ತಾ. ಐಸ್ ಪೆಟ್ಟಿಗೆಯಲ್ಲೇ ತಾ. ಬಂದ ತಕ್ಷಣ ಒಲೆ ಹಚ್ಚು, ಕಾಫಿ ಆಮೇಲೆ.

ಬಟ್ಟೆಯಲ್ಲಿ ಸೋಸಿ, ಬಾಯಿ ಅಗಲ ಇರೋ ಪಾತ್ರೆಗೆ ಹಾಕು. ಅಗಲ ಇದ್ದಷ್ಟೂ ಬೇಗ ಇಂಗುತ್ತೆ. ನೊರೆ ಉಕ್ಕಿದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡು, ಕುಗ್ಗುತ್ತೆ. ಮೊದಲ ಎರಡು ಗಂಟೆ ಜಾಸ್ತಿ ಉರಿ ಇದ್ದರೂ ಪರವಾಗಿಲ್ಲ. ಗುಳ್ಳೆ ಸಣ್ಣದಾಗಿ, ಬಣ್ಣ ಜೇನಿನ ಹಾಗೆ ತಿರುಗಿದ ಮೇಲೆ ಉರಿ ತಗ್ಗಿಸು. ಅಲ್ಲಿಂದ ಸೌಟು ಕೈಬಿಡಬೇಡ, ಫೋನ್ ಬಂದರೂ ಎತ್ತಬೇಡ. ತಳ ಹಿಡಿಯೋದು ಆವಾಗಲೇ. ಹಿಡಿಯಿತೋ, ಇಡೀ ಪಾಕ ಕಹಿ.

ಥರ್ಮಾಮೀಟರ್ ತರಿಸಿದ್ದೀಯಂತೆ. ನಮ್ಮ ಸೀಮೆ ಎತ್ತರದ್ದು, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಮೊದಲು ಬರೀ ನೀರು ಕುದಿಸಿ ನೋಡಿಕೋ, ಪಾಕ ಅದಕ್ಕಿಂತ ನಾಲ್ಕು ಡಿಗ್ರಿ ಏರಿದಾಗ ಇಳಿಸು. ನನಗೆ ಬೆರಳೇ ಸಾಕು. ತಣಿದ ಹನಿ ಎರಡು ಬೆರಳ ನಡುವೆ ಒಂದೆಳೆ ಬಂದರೆ ಆಯಿತು.

ಶಿವರಾತ್ರಿಗೆ ಬಾ. ಬರುವಾಗ ನನ್ನ ಅಗಲದ ಸ್ಟೀಲ್ ಬೇಸಿನ್ ತಗೊಂಡು ಬಾ. ಹೋದ ವರ್ಷ ಸಂಡಿಗೆ ಮಾಡಲು ಒಯ್ದ ನಿಮ್ಮಮ್ಮ ಇನ್ನೂ ವಾಪಸ್ ಕೊಟ್ಟಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ