ಬ್ರೇಕಿಲ್ಲದ ಬೈಕನ್ನು ಬರೆಯುವ ಬಗೆ

ಶಿರಸಿ

ಪ್ರೀತಿಯ ತಂಗಿ,

ಸಿಬಿಲ್ ಆಂಡ್ರ್ಯೂಸ್ ಕುರಿತು ನೀನು ಕಳುಹಿಸಿದ ಲೇಖನವನ್ನು ಓದಿದೆ. ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ 1898ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಹೆಸರು ಮಾಡಿ, 1992ರಲ್ಲಿ ಕೆನಡಾದಲ್ಲಿ ತೀರಿಕೊಂಡ ಕಲಾವಿದೆಯೊಬ್ಬಳ ಬಗ್ಗೆ ಕಾರವಾರದಲ್ಲಿ ಕುಳಿತು ಕನ್ನಡದಲ್ಲಿ ಬರೆಯಬೇಕೆಂದು ನಿನಗೆ ಅನಿಸಿದ್ದೇ ಸಂತೋಷದ ಸಂಗತಿ. ಆದರೆ ‘ಅಂತಾರಾಷ್ಟ್ರೀಯ ಖ್ಯಾತಿಯ’ ಎಂಬ ವಿಶೇಷಣ ಪುಟಪುಟಕ್ಕೂ ಬರುತ್ತದೆ. ಅವಳ ಕೈ ಏನು ಮಾಡುತ್ತಿತ್ತು ಎಂಬುದು ಮಾತ್ರ ಎಲ್ಲಿಯೂ ಬರುವುದಿಲ್ಲ. ಓದುಗರಿಗೆ ಮೊದಲು ಬೇಕಾದದ್ದು ಅದು.

1934ರ ‘ಸ್ಪೀಡ್‌ವೇ’ ಚಿತ್ರವನ್ನು ‘ವೇಗದ ಅದ್ಭುತ ಅಭಿವ್ಯಕ್ತಿ’ ಎಂದು ಹೊಗಳಿ ಮುಂದೆ ಹೋಗಿಬಿಟ್ಟಿದ್ದೀಯೆ. ಸ್ಪೀಡ್‌ವೇ ಎಂದರೆ ಅಂಡಾಕಾರದ ಮಣ್ಣುಹಾದಿಯಲ್ಲಿ ನಡೆಯುವ ಬೈಕ್ ಓಟ. 1928ರಲ್ಲಿ ಬ್ರಿಟನ್ನಿಗೆ ಬಂದು ಬಹುಬೇಗ ಜನಪ್ರಿಯವಾದ ಆಟ. ಆ ಬೈಕುಗಳಿಗೆ ಬ್ರೇಕ್ ಇರುವುದಿಲ್ಲ. ತಿರುವಿನಲ್ಲಿ ಹಿಂದಿನ ಗಾಲಿಯನ್ನು ಮಣ್ಣಿನಲ್ಲಿ ಜಾರಿಸಿಕೊಂಡೇ ಸವಾರ ಬೈಕನ್ನು ತಿರುಗಿಸಬೇಕು. ಇಷ್ಟನ್ನು ಮೊದಲೇ ಹೇಳಿದರೆ, ಚಿತ್ರದಲ್ಲಿ ಒಬ್ಬರ ಹಿಂದೊಬ್ಬರು ಬಾಗಿಕೊಂಡು ಬರುವ ಮೂವರು ಸವಾರರನ್ನು ಅವಳು ಏಕೆ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ ಕೊರೆದಳು, ಬೆನ್ನು, ಭುಜ, ಹೆಲ್ಮೆಟ್ಟುಗಳ ಬಾಗು ಏಕೆ ಮೂರು ಸಲ ಮರುಕಳಿಸುತ್ತದೆ ಎಂಬುದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ಧೀಂಗಿಣ ಹಾಕುವಾಗ ನಮಗೆ ಮುಖಭಾವ ಕಾಣುವುದಿಲ್ಲ, ತಿರುಗುವ ಸುತ್ತು ಮಾತ್ರ ಕಾಣುತ್ತದೆಯಲ್ಲವೇ, ಅವಳು ಹಿಡಿದದ್ದು ಅಂಥದ್ದನ್ನು.

ಇನ್ನು ಕೆಲಸದ ಕ್ರಮ. ನಿನ್ನ ಲೇಖನ ಓದಿದವರು ಇದನ್ನು ಕುಂಚದಿಂದ ಬರೆದ ಚಿತ್ರವೆಂದೇ ತಿಳಿಯುತ್ತಾರೆ. ಅವಳು ಬಣ್ಣದ ಚಿತ್ರಗಳನ್ನೂ ಬರೆದವಳು, ನಿಜ. ಆದರೆ ಹೆಸರು ತಂದುಕೊಟ್ಟದ್ದು ಲಿನೋಕಟ್. ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯನ್ನು ಕೊರೆದು, ಬಣ್ಣಕ್ಕೊಂದರಂತೆ ಅಚ್ಚು ಮಾಡಿ, ಒಂದರ ಮೇಲೊಂದು ತೆಳುವಾದ ಜಪಾನಿ ಕಾಗದಕ್ಕೆ ಒತ್ತುವ ಕಲೆ ಅದು. ಯಂತ್ರದ ನೆರವಿಲ್ಲದೆ, ಕಾಗದದ ಬೆನ್ನನ್ನು ಕೈಯಿಂದಲೇ ಉಜ್ಜಿ ಬಣ್ಣ ಹಿಡಿಸಬೇಕು. ಕಪ್ಪು ಹೊರಗೆರೆಯ ಅಚ್ಚು ಇರುವುದಿಲ್ಲವಾದ್ದರಿಂದ ಬಣ್ಣಗಳೇ ಆಕಾರವನ್ನು ಹೊರಬೇಕು. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಸವಾರನ ಭುಜ ಮಸುಕಾಗುತ್ತದೆ. ಈ ವಿದ್ಯೆಯನ್ನು ಅವಳಿಗೆ ಕಲಿಸಿದವನು ಕ್ಲಾಡ್ ಫ್ಲೈಟ್. ಕಲಿಸಿದ್ದು 1925ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗ್ರೋವ್ನರ್ ಕಲಾಶಾಲೆಯಲ್ಲಿ. ಅವಳು ಆ ಶಾಲೆಯ ಮೊದಲ ಕಾರ್ಯದರ್ಶಿಯೂ ಆಗಿದ್ದಳು. ಕೊರೆಯುವ ಉಳಿಯನ್ನು ಕೊಡೆಯ ಕಡ್ಡಿಯಿಂದಲೇ ಮಾಡಿಕೊಳ್ಳಬಹುದೆಂದು ಫ್ಲೈಟ್ ಹೇಳುತ್ತಿದ್ದ. (ಮಳೆಗಾಲಕ್ಕೊಂದು ಕೊಡೆ ಮುರಿಯುವ ನಮ್ಮ ಶಿರಸಿಯವರಿಗೆ ಉಳಿಯ ಬರ ಬರುವಂತಿಲ್ಲ.) ಈ ಕಡ್ಡಿಯ ವಿಷಯ ನಿನ್ನ ಲೇಖನದಲ್ಲಿ ಇರಲೇಬೇಕು.

ಪೋಸ್ಟರುಗಳ ಭಾಗ ಚೆನ್ನಾಗಿದೆ, ಆದರೆ ಅವಸರದ್ದು. ಲಂಡನ್ನಿನ ಸುರಂಗ ರೈಲಿಗಾಗಿ ಅವಳೂ ಸಿರಿಲ್ ಪವರ್ ಎಂಬ ಕಲಾವಿದನೂ ಸೇರಿ ವಿಂಬಲ್ಡನ್ ಟೆನಿಸ್, ಎಪ್ಸಮ್ ಕುದುರೆ ಓಟ ಮೊದಲಾದವುಗಳಿಗೆ ಪೋಸ್ಟರು ಮಾಡಿ ‘ಆಂಡ್ರ್ಯೂ-ಪವರ್’ ಎಂದು ಸಹಿ ಹಾಕುತ್ತಿದ್ದರು. ರೈಲಿಗೆ ಕಾದು ನಿಂತವರು ಆ ಸಹಿಯನ್ನು ಯಾರೋ ಒಬ್ಬ ಗಂಡಸಿನ ಹೆಸರೆಂದು ಓದಿಕೊಂಡಿದ್ದರೆ ಆಶ್ಚರ್ಯವಿಲ್ಲ. ಇದನ್ನು ಅನ್ಯಾಯದ ಕಥೆಯಾಗಿ ಉಬ್ಬಿಸಬೇಡ. ಸಹಿಯನ್ನು ಇದ್ದಂತೆ ಮುಂದಿಟ್ಟರೆ ಸಾಕು, ಉಳಿದದ್ದನ್ನು ಓದುವವರು ನೋಡಿಕೊಳ್ಳುತ್ತಾರೆ.

ನನಗೆ ಎಲ್ಲಕ್ಕಿಂತ ಕೊರತೆಯೆನಿಸಿದ್ದು ಎರಡು ಯುದ್ಧಗಳ ಭಾಗ. ಮೊದಲ ಮಹಾಯುದ್ಧದಲ್ಲಿ ವಿಮಾನದ ಬಿಡಿಭಾಗಗಳಿಗೆ ವೆಲ್ಡಿಂಗ್ ಮಾಡಿದವಳು, ಎರಡನೆಯದರಲ್ಲಿ ವೇಗದ ದೋಣಿ ಕಟ್ಟುವ ಬ್ರಿಟಿಷ್ ಪವರ್ ಬೋಟ್ ಕಂಪನಿಯಲ್ಲಿ ದುಡಿದವಳು. ಮುಂದೆ ಮದುವೆಯಾದ ವಾಲ್ಟರ್ ಮಾರ್ಗನ್‌ನನ್ನು ಕಂಡದ್ದೂ ಅಲ್ಲಿಯೇ. ಅಂದರೆ ವೇಗ ಅವಳಿಗೆ ಮೈದಾನದ ಬೇಲಿಯಾಚೆ ನಿಂತು ನೋಡಿದ ವಸ್ತುವಷ್ಟೇ ಆಗಿರಲಿಲ್ಲ, ಅದರ ಲೋಹವನ್ನು ಅವಳು ಕೈಯಾರೆ ಬೆಸೆದಿದ್ದಳು. ಇದನ್ನು ನೀನು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀಯೆ. ನಿಮ್ಮ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆ ನಿಂತಿದೆಯಲ್ಲ, ಒಮ್ಮೆ ಅದರ ಪಕ್ಕೆಯ ಹತ್ತಿರ ಹೋಗಿ ತಗಡುಗಳು ಕೂಡುವ ಜಾಗವನ್ನು ನೋಡಿ ಬಾ. ಅವಳು ದುಡಿದ ದೋಣಿಗಳು ಬೇರೆ ಬಗೆಯವು, ಕಾಲವೂ ಬೇರೆ. ಆದರೂ ಬೆಸುಗೆಯ ಗೆರೆಯನ್ನು ಕಣ್ಣಾರೆ ಕಂಡವರ ವಾಕ್ಯಕ್ಕೆ ಒಂದು ತೂಕ ಬರುತ್ತದೆ.

ಕೊನೆಯ ಭಾಗದಲ್ಲಿ ‘ಕೆನಡಾದಲ್ಲೂ ಮಿಂಚಿದಳು’ ಎಂದಿರುವುದನ್ನು ತೆಗೆ, ಅದು ಸರಿಯಲ್ಲ. 1947ರಲ್ಲಿ ವ್ಯಾಂಕೂವರ್ ದ್ವೀಪದ ಕ್ಯಾಂಪ್‌ಬೆಲ್ ರಿವರ್ ಎಂಬ ಮೀನುಗಾರಿಕೆಯ, ನಾಟಾ ಕೆಲಸದ ಊರಿಗೆ ಹೋದ ಮೇಲೆ ಲಂಡನ್ ಅವಳನ್ನು ಬಹುಕಾಲ ಮರೆತಿತ್ತು. ಅವಳು ಅಲ್ಲಿ ಚಿತ್ರ ಕಲಿಸುತ್ತ, ಕೊರೆಯುತ್ತ ಇದ್ದಳು. ಕಲಾಲೋಕ ಮತ್ತೆ ಅವಳತ್ತ ತಿರುಗುವ ಹೊತ್ತಿಗೆ ವಯಸ್ಸು ಎಂಬತ್ತರ ಹತ್ತಿರ ಬಂದಿತ್ತು. ಅವಳ ಕೃತಿಗಳ ದೊಡ್ಡ ಸಂಗ್ರಹ ಇಂದು ಕ್ಯಾಲ್ಗರಿಯ ಗ್ಲೆನ್‌ಬೋ ವಸ್ತುಸಂಗ್ರಹಾಲಯದಲ್ಲಿದೆ. ನಡುವಿನ ಆ ಮೂವತ್ತು ವರ್ಷಗಳಿಗೆ ಕನಿಷ್ಠ ಒಂದು ಪುಟವನ್ನಾದರೂ ಕೊಡು. ಜಾಗ ಸಾಲದಿದ್ದರೆ ಮೊದಲ ಪುಟದ ವಿಶೇಷಣಗಳನ್ನು ಹೊಡೆದುಹಾಕು. ತಿದ್ದಿದ ಪ್ರತಿಯನ್ನು ಅಂಚೆಯಲ್ಲಿಯೇ ಕಳುಹಿಸು, ಕಾಗದದ ಅಂಚಿನಲ್ಲಿ ಗುರುತು ಹಾಕಲು ನನಗೆ ಅನುಕೂಲ.

ಇತಿ,
ನಿನ್ನ ಅಕ್ಕ