ಕೆಫೆಯ ಜೋಡಿ ಹಾಡುಗಾರರಿಗೆ ಬೇಕಾದುದು ನಿಶ್ಶಬ್ದ ಮತ್ತು ಸಂಭಾವನೆ

ಮಾನ್ಯ ಸಂಪಾದಕರೇ,

ಪುಣೆಯ ಕೆಫೆಗಳಲ್ಲಿ ಗಿಟಾರ್ ಹಿಡಿದು ನಗೆಹಾಡು ಹಾಡುವ ಕನ್ನಡದ ಹುಡುಗರು ನಮ್ಮ ಜಾನಪದವನ್ನು ನಗೆಪಾಟಲು ಮಾಡುತ್ತಿದ್ದಾರೆ ಎಂದು ಓದುಗರೊಬ್ಬರು ಇತ್ತೀಚೆಗೆ ತಮ್ಮ ಪತ್ರಿಕೆಯಲ್ಲಿ ಆಕ್ಷೇಪಿಸಿದ್ದರು. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಅಭಿಪ್ರಾಯವನ್ನು ಒಪ್ಪಲಾರೆ.

ನಗೆ ನಮ್ಮ ಜಾನಪದಕ್ಕೆ ಹೊರಗಿನಿಂದ ಬಂದು ಸೇರಿದ್ದಲ್ಲ. ಯಕ್ಷಗಾನದ ಹಾಸ್ಯಗಾರ ಭಾಗವತರನ್ನೇ ಮಾತಿಗೆಳೆದು ಸಭೆಯನ್ನು ನಗಿಸುತ್ತಾನೆ. ಉತ್ತರ ಕರ್ನಾಟಕದ ಗೀಗೀ ಹಾಡಿನ ಮೇಳಗಳಲ್ಲಿ ಹರದೇಶಿ ಪಂಗಡದವರು ಗಂಡು ಹೆಚ್ಚೆಂದೂ ನಾಗೇಶಿ ಪಂಗಡದವರು ಹೆಣ್ಣು ಹೆಚ್ಚೆಂದೂ ದಪ್ಪು, ತುಂತುಣಿ ವಾದ್ಯಗಳೊಂದಿಗೆ ಸವಾಲು-ಜವಾಬು ಹಾಡುತ್ತಾರೆ. ಕಲ್ಗಿ-ತುರಾಯಿ ಎಂಬ ಇದೇ ವಾದ ಮರಾಠಿ ಲಾವಣಿಗೂ ಹೊಸದಲ್ಲವಾದ್ದರಿಂದ ಪುಣೆಯ ಕೇಳುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೂರದ ಅಮೆರಿಕದಲ್ಲಿ ಸ್ಮದರ್ಸ್ ಸಹೋದರರು 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪರ್ಪಲ್ ಆನಿಯನ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಹಾಡುತ್ತಿದ್ದಾಗಲೂ ನಡೆದದ್ದು ಹೆಚ್ಚುಕಡಿಮೆ ಇದೇ: ಗಿಟಾರ್ ಹಿಡಿದ ಅಣ್ಣ ಟಾಮ್ ಜನಪದ ಗೀತೆಯ ದಾರಿ ತಪ್ಪಿಸುತ್ತಿದ್ದ, ಬಾಸ್ ನುಡಿಸುವ ತಮ್ಮ ಡಿಕ್ ತಡೆದು ತಿದ್ದುತ್ತಿದ್ದ. ಅವರಿಗೆ 1967ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಸ್ವಂತ ಕಾರ್ಯಕ್ರಮವೇ ದೊರೆಯಿತು. ಇಂಥ ಜೋಡಿಗಳನ್ನು ಬೆಳೆಸಿದ್ದು ಕೇಳುಗರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಪುಟ್ಟ ಜಾಗಗಳೇ.

ಆಕ್ಷೇಪಿಸಿದವರು ಆ ಹಾಡುಗಳನ್ನು ಎದುರು ಕುಳಿತು ಕೇಳಬೇಕೆಂದು ನನ್ನ ವಿನಂತಿ. ಬಾಣೇರ್ ಕಡೆಯ ಕೆಫೆಯೊಂದರಲ್ಲಿ ನಾನು ಕೇಳಿದ ಜೋಡಿಯಲ್ಲಿ ಒಬ್ಬರು ವಿಜಯಪುರದ ಕಡೆಯವರು, ಇನ್ನೊಬ್ಬರು ಕುಂದಾಪುರದವರು. ಒಂದೇ ಒಲೆಯಿರುವ ಬಾಡಿಗೆ ಖೋಲಿಯಲ್ಲಿ ಜೋಳದ ರೊಟ್ಟಿ ಮೊದಲೋ ಕುಚ್ಚಲಕ್ಕಿ ಅನ್ನ ಮೊದಲೋ ಎಂಬ ಜಗಳವೇ ಅವರ ಹಾಡು. ವಿಜಯಪುರದವರು ತಂತಿ ಬಿಟ್ಟು ಗಿಟಾರಿನ ಮರದ ಮೇಲೆ ಎರಡೂ ಅಂಗೈಗಳಿಂದ ಬಡಿಯತೊಡಗಿದರೆ ಅದು ಥೇಟ್ ರೊಟ್ಟಿ ತಟ್ಟುವ ಸದ್ದು. ಅಂಚು ತೆಳುವಾದಂತೆ ಸದ್ದು ಸಣ್ಣದಾಗುತ್ತದೆ, ಜಗಳ ಏರಿದಂತೆ ಲಯ ಬಿರುಸಾಗುತ್ತದೆ. ಆಮೇಲೆ ಕೈ ಥಟ್ಟನೆ ನಿಂತು, ಆ ಬಿಡುವಿನಲ್ಲಿ ಕುಂದಾಪುರದವರು ಮೆಲುದನಿಯಲ್ಲಿ, 'ಅನ್ನ ಇನ್ನೂ ಬೇಯಲಿಲ್ಲ' ಎನ್ನುತ್ತಾರೆ. ಇಡೀ ಹಾಡು ನಿಂತಿರುವುದೇ ಆ ಒಂದು ಗಳಿಗೆಯ ಮೇಲೆ. ಇದರಲ್ಲಿ ಜಾನಪದಕ್ಕೆ ಅವಮಾನವೆಲ್ಲಿದೆ? ಊರು ಬಿಟ್ಟು ಬಂದ ಎರಡು ಸೀಮೆಯ ಕನ್ನಡಿಗರು ಒಂದೇ ಸೂರಿನಡಿ ಬಾಳುವ ಬಗೆಯನ್ನು ಇಷ್ಟು ಅಕ್ಕರೆಯಿಂದ ಹಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಬೇಸರದ ಸಂಗತಿಯೆಂದರೆ, ಆ ಸಂಜೆ ಸರಿಯಾಗಿ ಆ ಬಿಡುವಿಗೇ ಕಾಫಿ ಯಂತ್ರ ಹಬೆ ಕಾರಿತು, ಮಾತು ಹಿಂದಿನ ಮೇಜುಗಳಿಗೆ ಮುಟ್ಟಲಿಲ್ಲ. ನಡುವೆ ಎದ್ದು ಹಿಂದಿ ಸಿನಿಮಾ ಹಾಡು ಹಾಡಿರೆಂದು ಕೇಳಿದವರೂ ಇದ್ದರು. ಎರಡು ಗಂಟೆ ಹಾಡಿದವರಿಗೆ ಸಿಕ್ಕಿದ್ದು ಊಟ ಮತ್ತು ಕಾಫಿ ಮಾತ್ರ ಎಂದು ಆಮೇಲೆ ತಿಳಿಯಿತು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ 1960ರ ಸುಮಾರಿಗೆ ಎಷ್ಟೋ ಕಾಫಿಹೌಸ್‌ಗಳು ಹಾಡುಗಾರರಿಗೆ ಸಂಬಳ ಕೊಡದಿದ್ದರೂ, ಹಾಡು ಮುಗಿದೊಡನೆ ಕೇಳುಗರ ನಡುವೆ ಬುಟ್ಟಿಯಾದರೂ ಸುತ್ತುತ್ತಿತ್ತು. ಬಯಲಾಟದಲ್ಲಿ ಮೆಚ್ಚಿದ ಪಾತ್ರಧಾರಿಗೆ ಆಯೇರ ಮಾಡುವ ನಮಗೆ ಇದೇನೂ ಅಪರಿಚಿತ ಪದ್ಧತಿಯಲ್ಲ.

ಆದ್ದರಿಂದ ಕೆಫೆ ನಡೆಸುವವರಲ್ಲಿ, ಅವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ, ನನ್ನ ಕೋರಿಕೆ ಇಷ್ಟೇ: ಹಾಡು ನಡೆಯುವಷ್ಟು ಹೊತ್ತು ಯಂತ್ರ ನಿಲ್ಲಿಸಿ, ಸಣ್ಣದೊಂದು ಪ್ರವೇಶ ಶುಲ್ಕವಿಟ್ಟು ಅದನ್ನು ಪೂರ್ತಿಯಾಗಿ ಹಾಡಿದವರಿಗೇ ಕೊಡಿ. ನಗರದ ಕನ್ನಡ ಸಂಘಟನೆಗಳು ರಾಜ್ಯೋತ್ಸವಕ್ಕೆ ಅವರನ್ನು ಕರೆಯುವುದಾದರೆ ದೊಡ್ಡ ಸಭಾಗೃಹದ ಧ್ವನಿವರ್ಧಕದ ಮುಂದೆ ನಿಲ್ಲಿಸಬಾರದು. ಅಲ್ಲಿ ಅಂಗೈಯ ಸದ್ದು ಸತ್ತುಹೋಗುತ್ತದೆ. ಗಣೇಶನಗರದಲ್ಲಿ ಕಾವೇರಿ ಶಾಲೆ-ಕಾಲೇಜುಗಳನ್ನು ಕಟ್ಟಿ ಬೆಳೆಸಿದ ಪುಣೆಯ ಕನ್ನಡ ಸಂಘವು ತಿಂಗಳಿಗೊಂದು ಶನಿವಾರ ಸಂಜೆ ಒಂದು ತರಗತಿಯ ಕೋಣೆಯನ್ನು ಬಿಟ್ಟುಕೊಟ್ಟರೆ ಸಾಕು, ಮೈಕಿನ ಅಗತ್ಯವೇ ಬೀಳದು. ತಮ್ಮ ಪತ್ರಿಕೆಯೂ ಇಂಥ ಕಾರ್ಯಕ್ರಮಗಳ ಸ್ಥಳ, ಸಮಯಗಳನ್ನು 'ನಗರದಲ್ಲಿ ಇಂದು' ಅಂಕಣದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಕೋಥರೂಡ್, ಪುಣೆ